ನೆಗಾರಾದ ಮಾತು ಕಲಿತವಳು

ಬಿ ಯಾನ್‌ರು ಎಂಬ ಹೆಸರನ್ನು ವಿಶ್ವವಿದ್ಯಾಲಯದ ಕಚೇರಿಯ ಹೆಂಗಸು ಮೊದಲ ದಿನವೇ ‘ಹಿತ್ಸು ಎನ್‌ಜೊ’ ಎಂದು ಓದಿದಳು. ಬರೆದ ಚೀನಿ ಅಕ್ಷರಗಳು ಅವೇ, ಓದುವ ಜಪಾನಿ ಬಾಯಿ ಬೇರೆ. ಯಾನ್‌ರು ತಿದ್ದಲು ಹೋಗಲಿಲ್ಲ. ಚೀನಾದ ಶಾನ್‌ಡೊಂಗ್ ಕಡಲಂಚಿನ ವೆನ್‌ಡೆಂಗ್‌ನಿಂದ ಜಪಾನಿನ ಶಿಕೊಕು ದ್ವೀಪದ ಈ ಊರಿಗೆ ಬಂದಾಗ ಅವಳಿಗೆ ಇಪ್ಪತ್ಮೂರು. ಅಂದಿನಿಂದ ಎಲ್ಲರಿಗೂ ಅವಳು ಹಿತ್ಸು-ಸಾನ್, ಹಿತ್ಸು ಅವರು.

ಮೊದಲ ವರ್ಷ ಬರೀ ಪ್ರವೇಶ ಪರೀಕ್ಷೆಯ ತಯಾರಿ. ಬೆಳಿಗ್ಗೆ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಟೋಪಿ, ಮುಖಗವಸು ಹಾಕಿಕೊಂಡು ಕರಿದ ಮೀನಿನ ಪಕ್ಕಕ್ಕೆ ಒಂದೊಂದು ಉಪ್ಪಿನಕಾಯಿ ಹೋಳು ಇಡುವ ಕೆಲಸ, ಮಧ್ಯಾಹ್ನ ಗ್ರಂಥಾಲಯ. ಮನೆ ಹಂಚಿಕೊಂಡವಳು ದಕ್ಷಿಣ ಚೀನಾದ ಗುವಾಂಗ್‌ಶಿ ಕಡೆಯ ಲೈ ಚುನ್‌ಶಿಯಾ. ಕಡಲ ಪಾಚಿಯ ಬಗ್ಗೆ ಓದುತ್ತಿದ್ದಳು, ಊಟಕ್ಕೆ ಮಾತ್ರ ಪಾಚಿ ಮುಟ್ಟುತ್ತಿರಲಿಲ್ಲ.

“ಅಕ್ಕಾ, ನಾನು ಪಾಚಿ ಓದ್ತೀನಿ, ನಾಳೆ ಯಾವ್ದಾದ್ರೂ ಕಂಪನಿ ಕರೆಯುತ್ತೆ. ನೀನು ಹಳ್ಳಿ ಮುದುಕಿಯರ ಮಾತು ಓದ್ತೀನಿ ಅಂತೀಯಲ್ಲ, ನಿನ್ನನ್ನ ಯಾರು ಕರೀತಾರೆ? ಮುದುಕಿಯರಾ?”

“ಕರೀಲಿ ಬಿಡು. ಅವರಾದ್ರೂ ಊಟ ಹಾಕ್ತಾರೆ.”

ಪ್ರವೇಶ ಸಂದರ್ಶನದಲ್ಲಿ ಪ್ರಾಧ್ಯಾಪಕರಾದ ಕಾಜಿತಾನಿ ಸೆನ್ಸೆಯಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆಡುಮಾತಿನ ಅಧ್ಯಯನದಲ್ಲಿ ಅವರದು ದೊಡ್ಡ ಹೆಸರು. ಕತ್ತಿಗೆ ಸದಾ ಒಂದು ಬೂದು ಶಾಲು, ಮಾತು ಚುಟುಕು. “ಚೀನಾದಿಂದ ಬಂದೋರು ವ್ಯಾಪಾರ ಓದ್ತಾರೆ, ಸಾಹಿತ್ಯ ಓದ್ತಾರೆ. ನಿಮಗೆ ಯಾಕೆ ಇದು?”

ಯಾನ್‌ರು ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರ ಆ ಕ್ಷಣಕ್ಕೆ ಕೈಕೊಟ್ಟಿತು. ಅವಳನ್ನು ಸಾಕಿದವಳು ಅಜ್ಜಿ. ಶಾಲೆಯಲ್ಲಿ ಮನೆಮಾತು ಆಡಿದರೆ ಹಿಂದಿನ ಗೋಡೆಗೆ ನಿಲ್ಲಿಸುತ್ತಿದ್ದರು. ಹತ್ತು ವರ್ಷ ತುಂಬುವಷ್ಟರಲ್ಲಿ ಅಜ್ಜಿ ಒಂದು ಬಗೆ, ಮೊಮ್ಮಗಳು ಇನ್ನೊಂದು ಬಗೆ ಮಾತಾಡುವಂತಾಗಿತ್ತು. ಕಾಲೇಜು ಪರೀಕ್ಷೆಯ ವಾರ ಅಜ್ಜಿ ತೀರಿಕೊಂಡಾಗ, ಓದಿಗೆ ತೊಂದರೆಯಾದೀತೆಂದು ಮನೆಯವರು ಮುಚ್ಚಿಟ್ಟು, ಮಣ್ಣು ಮಾಡಿದ ಮೇಲೆ ಹೇಳಿದ್ದರು. “ನನ್ನಜ್ಜಿ ಹೇಗೆ ಮಾತಾಡ್ತಿದ್ರು ಅನ್ನೋದು ನನಗೆ ನೆನಪಿಲ್ಲ,” ಎಂದಷ್ಟೇ ಹೇಳಿದಳು. ಸೀಟು ಸಿಕ್ಕಿತು.

ಸೆನ್ಸೆಯಿ ಅವಳನ್ನು ನೆಗಾರಾಕ್ಕೆ ಹಚ್ಚಿದರು. ಬಸ್ಸಿನಲ್ಲಿ ಒಂದೂವರೆ ತಾಸು, ಸುರಂಗ ದಾಟಿ ಸೇತುವೆಯ ಬಳಿ ಇಳಿದರೆ, ಅಲ್ಲಿಂದ ಸೆದರ್ ಮರಗಳ ನಡುವೆ ಮುಕ್ಕಾಲು ಗಂಟೆ ಏರು. ಒಂದು ಕಾಲಕ್ಕೆ ನಲವತ್ತು ಒಲೆ ಉರಿಯುತ್ತಿದ್ದ ಆ ಹಳ್ಳಿಯಲ್ಲಿ ಈಗ ಉಳಿದವರು ಇಬ್ಬರು: ಎಂಬತ್ತೈದರ ಕುಸುನೊಸೆ ಮಿತ್ಸುಯೆ ಮತ್ತು ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ, ಕೆಳಗಿನ ಮನೆಯ ಹರುಯೊ.

“ನೆಗಾರಾದ ಕ್ರಿಯಾಪದ ಗಮನಿಸಿ,” ಎಂದಿದ್ದರು ಸೆನ್ಸೆಯಿ. “ಪಟ್ಟಣದ ಜಪಾನಿಯಲ್ಲಿ ಹೂ ಉದುರುತ್ತಾ ಇದ್ದರೂ ಅದೇ ರೂಪ, ಉದುರಿ ನೆಲದ ಮೇಲೆ ಬಿದ್ದಿದ್ದರೂ ಅದೇ ರೂಪ. ಅಲ್ಲಿಯವರು ಎರಡನ್ನೂ ಬೇರೆ ಮಾಡಿ ಹೇಳ್ತಾರೆ. ನಡೀತಾ ಇರೋದು ಒಂದು, ನಡೆದು ಮುಗಿದಿರೋದು ಒಂದು. ಅವರು ಯಾವತ್ತೂ ತಪ್ಪಲ್ಲ.”

ಜೂನ್ ತಿಂಗಳ ಮೊದಲ ಶನಿವಾರ ಯಾನ್‌ರು ಹೊಸ್ತಿಲಲ್ಲಿ ನಿಂತು ಬಗ್ಗಿ ನಮಸ್ಕರಿಸಿದಾಗ ಮಿತ್ಸುಯೆ ಅಜ್ಜಿ ಮೂಲಂಗಿ ಹೆಚ್ಚುತ್ತಿದ್ದಳು.

“ನಾನು ಹಿತ್ಸು ಅಂತ. ಚೀನಾದಿಂದ ಬಂದಿದ್ದೀನಿ. ನಿಮ್ಮ ಮಾತು ಕಲಿಯೋಕೆ...”

ಅಜ್ಜಿಯ ಕೈಯಲ್ಲಿದ್ದ ಕತ್ತಿ ನಿಂತಿತು. “ಚೀನಾದಿಂದ? ನಡಕೊಂಡ ಬಂದೇನು?”

“ಇಲ್ಲ ಅಜ್ಜಿ, ವಿಮಾನದಲ್ಲಿ.”

“ಹಂಗಾರ ಲಗೂನ ಮುಟ್ಟೀದಿ. ಕೂಡ್ರು. ಚಾ ಕುಡಿ.”

ಹರುಯೊ ಪಕ್ಕದಲ್ಲೇ ಕೂತು ನಕ್ಕಳು. “ಈಕಿ ಮಾತಿಗೆ ತಲಿ ಕೆಡಿಸ್ಕೋಬ್ಯಾಡವಾ. ಬಂದವ್ರನ್ನೆಲ್ಲಾ ಹಿಂಗ ಕೇಳ್ತಾಳ. ಗ್ಯಾಸ್ ಸಿಲಿಂಡರ್ ತಂದವನ್ನೂ ಬಿಟ್ಟಿಲ್ಲ.”

ಪ್ರತಿ ಶನಿವಾರ ಹೋಗುವುದು, ರೆಕಾರ್ಡರ್ ಇಟ್ಟು ಎರಡು ತಾಸು ಮಾತಾಡಿಸುವುದು, ಸಂಜೆ ನಾಲ್ಕರ ಬಸ್ಸಿಗೆ ಇಳಿಯುವುದು. ಹೀಗೇ ವಾಡಿಕೆಯಾಯಿತು. ಯೂಜು ಹಣ್ಣು ಕೊಯ್ಯುವ ಬಗೆ, ಮೊದಲ ಗಂಡನ ಕುಡಿತ, ಶಾಲೆಗೆ ನಡೆಯುತ್ತಿದ್ದ ದಾರಿ, ಎಲ್ಲ ಬಂತು. ಮೂರನೆಯ ಸಲ ಮಿತ್ಸುಯೆಯ ಅಕ್ಕ ಸದಾಳ ಕತೆಯೂ ಬಂತು. ಮಿತ್ಸುಯೆಗೆ ಒಂಬತ್ತು ವರ್ಷವಿದ್ದಾಗ, ಹದಿನೆಂಟರ ಸದಾಳನ್ನು ಕೆಳಗಿನೂರಿನ ಒಬ್ಬನಿಗೆ ಕೊಟ್ಟರು. ಅವನು ಆಗಲೇ, ಜಪಾನಿನ ಕೈಯಲ್ಲಿದ್ದ ಚೀನಾದ ಮಂಚೂರಿಯಾಕ್ಕೆ ಬೇಸಾಯಕ್ಕೆ ಹೋಗಿದ್ದ. ಗಂಡನ ಮುಖ ನೋಡದೆಯೇ ಹುಡುಗಿ ಹಡಗು ಹತ್ತಿದಳು. ಯುದ್ಧ ಸೋತ ಮೇಲೆ ಕೆಲವರು ಮರಳಿದರು, ಹಲವರು ಮರಳಲಿಲ್ಲ. ಸದಾಳ ಸುದ್ದಿ ಬರಲೇ ಇಲ್ಲ.

“ಸರಕಾರದವ್ರು ಕಾಗದ ಕಳಿಸಿದ್ರು,” ಎಂದಳು ಅಜ್ಜಿ. “ಸತ್ತಿದ್ದಾಳೆ ಅಂತ ಸಹಿ ಹಾಕಿ ಕೊಡ್ರಿ ಅಂತ. ಅದು ಪ್ಯಾಟಿ ಮಾತು, ಸಾಯೂದಕ್ಕೂ ಸತ್ತಿದ್ದಕ್ಕೂ ಒಂದ. ನಮ್ಮವ್ವ ಕೇಳಿದ್ಳು, ಸಾಯಾಕತ್ತಾಳೋ, ಸತ್ತಾಳೋ, ಬರಾಕತ್ತಾಳೋ? ಒಂದು ಹೇಳ್ರಿ, ಸಹಿ ಮಾಡ್ತೀನಿ. ಯಾರಿಗೂ ಹೇಳಾಕ ಬರಲಿಲ್ಲ.”

“ಆಮೇಲೆ?”

“ಆಮ್ಯಾಲೆ ನಮ್ಮಪ್ಪ ಸಹಿ ಹಾಕಿದ.” ಅಜ್ಜಿ ಬಾಗಿಲ ಹೊರಗೆ ನೋಡಿದಳು. “ಆಕಿ ಬರಾಕತ್ತಾಳ. ಬಂದರಿನಾಗ ಇಳದಾಳ.”

ಯಾನ್‌ರು ಅದನ್ನು ಬರೆದುಕೊಂಡಳು. ಒಂದೇ ಉಸಿರಿನಲ್ಲಿ ಎರಡೂ ರೂಪ. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು? ಆ ದಿನ ಅವಳಿಗೆ ಅನಿಸಿದ್ದು ಅಷ್ಟೇ.

ಚಳಿಗಾಲದ ಹೊತ್ತಿಗೆ ಇಪ್ಪತ್ತಮೂರು ಧ್ವನಿಮುದ್ರಣಗಳಾಗಿದ್ದವು. ರಜೆಯಲ್ಲಿ ಊರಿಗೆ ಹೋಗದೆ, ಎಲ್ಲವನ್ನೂ ಮೊದಲಿಂದ ಅಕ್ಷರಕ್ಕೆ ಇಳಿಸಲು ಕೂತಳು. ಮಧ್ಯಾಹ್ನದ ಬಿಸಿಲು ಬೀಳುವ ಮೇಜು, ಕಿವಿಗೆ ಹೆಡ್‌ಫೋನ್, ಪಕ್ಕದ ಕೋಣೆಯಲ್ಲಿ ಚುನ್‌ಶಿಯಾ ಹುರಿಯುತ್ತಿದ್ದ ಮೆಣಸಿನ ಘಾಟು. ‘ಬರಾಕತ್ತಾಳ’ ರೂಪ ಎಲ್ಲೆಲ್ಲಿ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಸಾಲಾಗಿ ಗುರುತು ಮಾಡುತ್ತಾ ಹೋದಳು. ಮಾತಿನ ನಡುವೆ ಅಜ್ಜಿ ಅದನ್ನು ಆಗಾಗ ಸುಮ್ಮನೆ ಅನ್ನುತ್ತಿದ್ದಳು. ಹರುಯೊ ಕೂಡ ಕಿವಿಗೊಡುತ್ತಿರಲಿಲ್ಲ.

ಮೂರನೆಯದರಲ್ಲಿ ಬಂದರು. ಏಳನೆಯದರಲ್ಲಿ, “ಸುರಂಗದಾಗ ಬರಾಕತ್ತಾಳ, ಕತ್ತಲಂದ್ರ ಆಕಿಗೆ ಅಂಜಿಕಿ.” ಹನ್ನೊಂದರಲ್ಲಿ ಸೇತುವೆ. ಹದಿನಾಲ್ಕರಲ್ಲಿ, “ಸೆದರ್ ಗಿಡದ ನಡುವ ಬರಾಕತ್ತಾಳ.” ಹದಿನೆಂಟರಲ್ಲಿ ಚಹಾ ಗಿಡಗಳ ಪಟ್ಟಿ. ಇಪ್ಪತ್ತೊಂದರಲ್ಲಿ ಕಲ್ಲಿನ ಮೆಟ್ಟಿಲು.

ಯಾನ್‌ರು ಪೆನ್ನು ಕೆಳಗಿಟ್ಟಳು. ವಾರ ವಾರ ಬಿಡಿಬಿಡಿಯಾಗಿ ಕೇಳಿದಾಗ ಏನೂ ಅನಿಸಿರಲಿಲ್ಲ. ಈಗ ಒಟ್ಟಿಗೆ ನೋಡಿದರೆ ಅದು ಒಂದು ದಾರಿ. ಅವಳೇ ಪ್ರತಿ ಶನಿವಾರ ಹತ್ತುವ ದಾರಿ. ಎಲ್ಲೂ ಹಿಂದೆ ಸರಿದಿರಲಿಲ್ಲ, ಎಲ್ಲೂ ಜಿಗಿದಿರಲಿಲ್ಲ.

ಇಪ್ಪತ್ತಮೂರನೆಯದನ್ನು ಹಾಕಿ ಕೇಳಿದಳು. ಆ ದಿನ ತಾನು ಒಳಗೆ ಬಂದು ಕೋಟು ಬಿಚ್ಚುವಾಗಲೇ ರೆಕಾರ್ಡರ್ ಹಚ್ಚಿದ್ದಳು. ಅಜ್ಜಿಯ ದನಿ ದೂರದಿಂದ ಕೇಳಿತು: “ಇವತ್ತ ನಿನ್ನ ಬೆನ್ನಿಗೇ ಬಂದ್ಳಲ್ಲ. ಅಂಗಳದ ಪರ್ಸಿಮನ್ ಗಿಡದ ಕೆಳಗ ನಿಂತು ಉಸಿರು ತಗೊಳಾಕತ್ತಾಳ.”

“ಚುನ್‌ಶಿಯಾ!” ಎಂದು ಕೂಗಿದಳು. ಅವಳು ಸೌಟು ಹಿಡಿದೇ ಓಡಿಬಂದಳು. ವಿಷಯ ಕೇಳಿ ಹಾಳೆ ನೋಡಿದಳು, ಇನ್ನೊಮ್ಮೆ ನೋಡಿದಳು.

“ಮುದುಕಿ ನಿನ್ನ ದಾರೀನೇ ಹೇಳ್ತಿರ್ತಾಳೆ ಅಕ್ಕಾ. ದಿನಾ ಕಾಯ್ತಾ ಕೂರೋಳಿಗೆ ಇನ್ನೇನು ಹೊಳೆಯುತ್ತೆ?” ಎಂದಳು. ಆಮೇಲೆ ಸೌಟು ಕೆಳಗಿಟ್ಟು, “ಹೇಳಬಾರದು ಅಂದ್ಕೊಂಡಿದ್ದೆ. ನೀನು ಈಚೆಗೆ ನಿದ್ದೇಲಿ ಮಾತಾಡ್ತೀಯ. ಜಪಾನೀಸು. ನನಗೂ ಬರುತ್ತಲ್ಲ ಜಪಾನೀಸು? ಅದರಲ್ಲಿ ಅರ್ಧಾನೂ ತಿಳಿಯಲ್ಲ.”

ಫೆಬ್ರವರಿಯಲ್ಲಿ ಮತ್ತೆ ಬೆಟ್ಟ ಹತ್ತಿದಾಗ ನೆಲದ ಮೇಲೆ ತೆಳುವಾಗಿ ಹಿಮ. ಬೆಳಗಿನ ಹತ್ತು ಗಂಟೆ, ಗಾಳಿಯಿಲ್ಲ. ಚಹಾ ಗಿಡಗಳ ಬಳಿ ದಾರಿ ಒಬ್ಬರು ನಡೆಯುವಷ್ಟೇ ಅಗಲ. ಅಲ್ಲಿ ಯಾನ್‌ರು ಒಂದು ಹೆಜ್ಜೆ ಬದಿಗೆ ಸರಿದು, ಗಿಡಕ್ಕೆ ಬೆನ್ನು ತಾಗಿಸಿ, ತಲೆ ಸ್ವಲ್ಪ ಬಗ್ಗಿಸಿ ನಿಂತಳು. ನಾಲ್ಕೈದು ಉಸಿರಿನ ಹೊತ್ತು ನಿಂತಿದ್ದ ಮೇಲೆ, ತಾನು ಯಾರಿಗೋ ದಾರಿ ಬಿಟ್ಟಿದ್ದೇನೆ ಎಂಬುದು ಅವಳ ಅರಿವಿಗೆ ಬಂತು. ಯಾರೂ ಇರಲಿಲ್ಲ. ಎಲೆಯ ಮೇಲಿನ ಹಿಮ ಕಾಲರಿನೊಳಗೆ ಬಿದ್ದು ಕರಗಿತು. ಹಿಂದಕ್ಕೆ ಓಡಿಬಿಡಬೇಕೆನಿಸಿತು, ಆದರೆ ಮುಂದಿನ ಬಸ್ಸು ನಾಲ್ಕಕ್ಕೆ. ಹತ್ತಿದಳು.

ಮಿತ್ಸುಯೆ ಅಜ್ಜಿ ಬಾಗಿಲು ಪೂರ್ತಿ ತೆರೆದಿಟ್ಟು ಕಾಯುತ್ತಿದ್ದಳು. ಮೇಜಿನ ಮೇಲೆ ಎಂದಿನ ಮೂರು ಬಟ್ಟಲಿನ ಜೊತೆ ನಾಲ್ಕನೆಯದೂ ಇತ್ತು. ಹರುಯೊ ಮುಖ ಗಂಟಿಕ್ಕಿಕೊಂಡು ಕೂತಿದ್ದಳು.

“ಬಂದಾಳ,” ಎಂದಳು ಮಿತ್ಸುಯೆ.

ಬರಾಕತ್ತಾಳ ಅನ್ನಲಿಲ್ಲ. ಅಜ್ಜಿ ತಪ್ಪಿ ಆಡುವವಳಲ್ಲ ಎಂದು ಯಾನ್‌ರುವಿಗೆ ಗೊತ್ತಿತ್ತು. ಅವಳು ನಾಲ್ಕನೆಯ ಬಟ್ಟಲಿನ ಪಕ್ಕದಲ್ಲೇ ಕೂತಳು.

ಆಮೇಲಿನ ಮೂರು ತಿಂಗಳು ಅಜ್ಜಿ ಎಂದೂ ಇಲ್ಲದಷ್ಟು ಹಗುರವಾಗಿದ್ದಳು. ಅಕ್ಕನನ್ನು ಕಾಯುವ ಮಾತೇ ಇಲ್ಲ. ಯಾನ್‌ರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಆದರೆ ಕಣ್ಣು ಅವಳ ಮುಖದ ಮೇಲಿರುತ್ತಿರಲಿಲ್ಲ, ಒಂದು ಗೇಣು ಬಲಕ್ಕೆ. ಮೇ ತಿಂಗಳಲ್ಲಿ ಜ್ವರ ಬಂತೆಂದು ಮಗ ಕೊಝೊ ಒಸಾಕಾದಿಂದ ಬಂದು ಕೆಳಗಿನ ಆಸ್ಪತ್ರೆಗೆ ಸೇರಿಸಿದ. ಐದನೆಯ ದಿನ ಹೋಗಿಬಿಟ್ಟಳು.

ನೆಗಾರಾದ ಮನೆಯಲ್ಲಿ ನಡೆದ ನಲವತ್ತೊಂಬತ್ತನೆಯ ದಿನದ ಪೂಜೆಗೆ ಕೊಝೊ ಯಾನ್‌ರುವನ್ನೂ ಕರೆದ. “ಅಮ್ಮನ ಜೊತೆ ಕಡೇ ಒಂದು ವರ್ಷ ಹೆಚ್ಚು ಮಾತಾಡಿದೋರು ನೀವೇ. ಬರಲೇಬೇಕು,” ಎಂದ. ಜುಲೈ ತಿಂಗಳು, ಸಿಕಾಡಗಳ ಕಿರಿಚಾಟಕ್ಕೆ ಬೌದ್ಧ ಪೂಜಾರಿಯ ಮಂತ್ರವೂ ಸರಿಯಾಗಿ ಕೇಳುತ್ತಿರಲಿಲ್ಲ. ಪೂಜೆ ಮುಗಿದು ಪೂಜಾರಿ ಹೊರಟ ಮೇಲೆ ಊಟ. ಅಂಗಡಿಯಿಂದ ತರಿಸಿದ ಡಬ್ಬಿಗಳಿದ್ದವು; ಆದರೂ ಒಲೆಯ ಮೇಲೆ ಮಾಡಿದ ಅನ್ನವೇ ಬೇಕೆಂದು ಹರುಯೊ ಹಟ ಹಿಡಿದು, ಹಳೆಯ ಕಬ್ಬಿಣದ ಪಾತ್ರೆಯಲ್ಲಿ ಅನ್ನ ಇಟ್ಟಿದ್ದಳು. ಬಡಿಸುವ ಕೆಲಸ ಯಾನ್‌ರುವಿನದು.

ಎಲ್ಲರಿಗೂ ಬಡಿಸಿ, ಪಾತ್ರೆಯ ತಳಕ್ಕೆ ಹಿಡಿದಿದ್ದ ಅನ್ನದ ಹಕ್ಕಳೆಯನ್ನು ಅವಳು ಮರದ ಸೌಟಿನಿಂದ ಕೆರೆಯುತ್ತಿದ್ದಳು. ಕೆರೆಯುತ್ತಲೇ, ತಲೆ ಎತ್ತದೆ ಕರೆದಳು:

“ಹರುಯೋ, ಝೊಮೆ ತಗದಿಟ್ಟೀನಿ. ಬಾ, ಕೈ ಒಡ್ಡು.”

ಒಳಗೆ ಕೂತವರೆಲ್ಲ ತಿನ್ನುವುದನ್ನು ನಿಲ್ಲಿಸಿದರು. ಎಂಬತ್ತು ದಾಟಿದ ಹೆಂಗಸನ್ನು ಹೆಸರು ಹಿಡಿದು, ಎಳೆ ಮಗುವನ್ನು ಕರೆದಂತೆ ಕರೆದಿದ್ದಳು ಪರದೇಶದ ಹುಡುಗಿ. ಕೊಝೊನ ಹೆಂಡತಿ ಗಂಡನ ಮುಖ ನೋಡಿದಳು. ಯಾನ್‌ರುವಿನ ಮುಖಕ್ಕೆ ರಕ್ತ ನುಗ್ಗಿತು. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹರುಯೊ ಎದ್ದು ನಿಂತಿದ್ದಳು. ಅವಳ ಚಾಪ್‌ಸ್ಟಿಕ್ ಕಡ್ಡಿಗಳು ಚಾಪೆಯ ಮೇಲೆ ಬಿದ್ದಿದ್ದವು.

“ಸದಾ ಅಕ್ಕಾ?” ಎಂದಳು.

“ಹರುಯೊ ಚಿಕ್ಕಮ್ಮಾ, ಇವರು ಹಿತ್ಸು-ಸಾನ್,” ಎಂದ ಕೊಝೊ ಮೆಲ್ಲಗೆ. “ಅಮ್ಮನ ಮಾತು ಕಲ್ತಿದ್ದಾರಲ್ಲ, ಅದೇ ದನಿ ಬಂದಿದೆ ಅಷ್ಟೇ.”

“ನಿಮ್ಮವ್ವನ ದನಿ ನನಗ ಗೊತ್ತಿಲ್ಲೇನು? ಎಂಬತ್ತು ವರ್ಷ ಕೇಳೀನಿ. ಇದು ಆಕಿ ದನಿ ಅಲ್ಲ.” ಹರುಯೊ ಒಲೆಯ ಕಡೆ ಒಂದು ಹೆಜ್ಜೆ ಇಟ್ಟಳು. “ತಳದ ಅನ್ನಕ್ಕ ಝೊಮೆ ಅನ್ನಾಕಿ ಇವರ ಮನಿಯಾಗ ಸದಾ ಒಬ್ಬಾಕಿನ. ಆಚಿ ಕಣಿವಿಯ ಅಜ್ಜಿ ಮನಿಯಾಗ ಬೆಳದಾಕಿ, ಅಲ್ಲಿಂದ ತಂದಿದ್ಳು ಆ ಮಾತು. ಮಿತ್ಸುಯೆ ಎಂದೂ ಅಂದಿಲ್ಲ. ನನಗ ಏಳು ವರ್ಷ ಆಗ. ಆಕಿ ಹಡಗ ಹತ್ತಿ ಹೋದ ಮ್ಯಾಲೆ ಆ ಮಾತು ನಾ ಕೇಳೇ ಇಲ್ಲ.”

ಹೇಳುತ್ತಲೇ ಅವಳು ಎರಡೂ ಕೈ ಒಡ್ಡಿದಳು. ಬೇರೇನೂ ತೋಚದೆ ಯಾನ್‌ರು ಆ ಹಕ್ಕಳೆಯನ್ನು ಅವಳ ಅಂಗೈಗೆ ಹಾಕಿದಳು. ಮುದುಕಿ ನಿಂತಲ್ಲೇ ನಿಂತು ತಿಂದಳು.

ಪಟ್ಟಣಕ್ಕೆ ಮರಳಿದವಳು ಮಾರನೆಯ ದಿನದಿಂದಲೇ ಧ್ವನಿಮುದ್ರಣ ಕೇಳಲು ಕೂತಳು. ನಲವತ್ತೊಂದು ಮುದ್ರಣ, ಎಂಬತ್ತು ತಾಸಿನ ಮಾತು. ಕಾರ್ಖಾನೆಗೆ ರಜೆ ಹಾಕಿದಳು. ಒಂಬತ್ತು ದಿನ ಹಿಡಿಯಿತು. ಅನ್ನದ ಮಾತು ಬರುವ ಕಡೆಯೆಲ್ಲ ಮೂರು ಮೂರು ಸಲ ಕೇಳಿದಳು. ತಳ ಹಿಡಿದ ಅನ್ನಕ್ಕೆ ಮಿತ್ಸುಯೆ ಎಲ್ಲರಂತೆ ‘ಒಕೊಗೆ’ ಎಂದೇ ಅಂದಿದ್ದಳು. ಝೊಮೆ ಎಲ್ಲೂ ಇರಲಿಲ್ಲ. ಅಚ್ಚಾದ ಪದಪಟ್ಟಿಗಳಲ್ಲೂ ಇರಲಿಲ್ಲ.

ಕಾಜಿತಾನಿ ಸೆನ್ಸೆಯಿಯ ಕೋಣೆಗೆ ಹೋಗಿ ಎಲ್ಲ ಹೇಳಿದಳು. 

ಸೆನ್ಸೆಯಿ ಶಾಲು ಸರಿಮಾಡಿಕೊಂಡರು. “ರೆಕಾರ್ಡರ್ ಆಫ್ ಇದ್ದಾಗ ಕೇಳಿರ್ತೀರಿ. ಊಟದ ಹೊತ್ತಿನಲ್ಲಿ, ಚಪ್ಪಲಿ ಹಾಕೋವಾಗ. ಕಿವಿಗೆ ಬಿದ್ದಿದ್ದೆಲ್ಲ ಮನಸ್ಸಿಗೆ ಗೊತ್ತಾಗಬೇಕು ಅಂತಿಲ್ಲ.”

“ಅಜ್ಜಿ ಆ ಪದ ಎಂದೂ ಅಂದಿಲ್ಲ ಅಂತಾರೆ ಹರುಯೊ-ಸಾನ್.”

“ಹರುಯೊ-ಸಾನ್‌ಗೆ ವಯಸ್ಸಾಗಿದೆ.” ಎಂದರು ಸೆನ್ಸೆಯಿ. “ಪ್ರಬಂಧದಲ್ಲಿ ಅಡಿಟಿಪ್ಪಣಿಯಾಗಿ ಹಾಕಿ. ಮೂಲ ಖಚಿತವಿಲ್ಲ ಅಂತ ಬರೀರಿ. ಇನ್ನು ಕೆಲವು ದಿನ ಬೆಟ್ಟದ ಕಡೆ ಹೋಗಬೇಡಿ, ಹಿತ್ಸು-ಸಾನ್. ಇದು ನಿಮ್ಮ ಗುರುವಾಗಿ ಹೇಳ್ತಿರೋದಲ್ಲ.”

ಎರಡು ತಿಂಗಳು ಹೋಗಲಿಲ್ಲ. ಚುನ್‌ಶಿಯಾಳ ಜೊತೆ ಚೀನಿ ಭಾಷೆಯನ್ನೇ ಆಡಿದಳು, ಅಮ್ಮನಿಗೆ ದಿನಾ ಕರೆ ಮಾಡಿದಳು, ಒಣಮೀನಿನ ಬೆಲೆ, ದೊಡ್ಡಪ್ಪನ ಮಂಡಿನೋವು ಎಲ್ಲ ಕೇಳಿದಳು. ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಹರುಯೊಳ ಫೋನು ಬಂತು. ಅವಳು ಹಿಂದೆಂದೂ ಫೋನು ಮಾಡಿದವಳಲ್ಲ.

“ಸಿಟ್ಟಾಗೀಯೇನವಾ?”

“ಇಲ್ಲ ಹರುಯೊ-ಸಾನ್. ಪ್ರಬಂಧ ಬರೀತಾ ಇದ್ದೀನಿ.”

“ಸುಳ್ಳ ಹೇಳ್ತಿ. ಅಂಜೀದಿ. ನಾನೂ ಅಂಜೀನಿ. ಆದ್ರ ಕೇಳು, ಇಲ್ಲಿ ನನ್ನ ಸಂಗಾಟ ಮಾತಾಡವ್ರು ಯಾರೂ ಉಳದಿಲ್ಲ. ಟಿವಿಯವ್ರು ಪ್ಯಾಟಿ ಮಾತಾಡ್ತಾರ. ಮಗಳು ಪ್ಯಾಟಿ ಮಾತಾಡ್ತಾಳ. ನಿನ್ನ ಬಾಯಾಗ ಯಾರರೆ ಇರಲಿ, ನನಗ ನಡೀತೈತಿ. ಬಾ.”

ಯಾನ್‌ರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆಮೇಲೆ, “ಶನಿವಾರ ಬರ್ತೀನಿ, ಹರುಯೋ,” ಎಂದಳು. ಆ ದನಿ ತನ್ನದಲ್ಲ ಎಂಬುದು ಅವಳಿಗೇ ಕೇಳಿಸಿತು. ಆ ಕಡೆ ಮುದುಕಿ ಗಳಗಳ ಅಳುತ್ತಿದ್ದಳು.

ಸ್ನಾತಕೋತ್ತರ ಪದವಿ ಮುಗಿದರೂ ಅವಳು ಆ ಪಟ್ಟಣ ಬಿಡಲಿಲ್ಲ. ಒಂದು ತಾಂತ್ರಿಕ ಶಾಲೆಯಲ್ಲಿ ಹೊಸದಾಗಿ ಬಂದ ಚೀನಾ, ವಿಯೆಟ್ನಾಂ ಮಕ್ಕಳಿಗೆ ಜಪಾನಿ ಕಲಿಸುವ ಕೆಲಸ ಹಿಡಿದಳು. ಚುನ್‌ಶಿಯಾ ಒಂದು ಸೋಯಾ ಸಾಸಿನ ಕಂಪನಿಗೆ ಸೇರಿ ನಗೋಯಾಕ್ಕೆ ಹೋದಳು. ಯಾನ್‌ರು ಶನಿವಾರ ತಪ್ಪಿಸಲಿಲ್ಲ. ನೆಗಾರಾದಲ್ಲಿ ಅವಳು ರೆಕಾರ್ಡರ್ ತೆಗೆಯುತ್ತಿರಲಿಲ್ಲ. ಇಬ್ಬರೂ ಮೂಲಂಗಿ ಒಣಗಿಸುತ್ತಾ, ಯಾನ್‌ರು ಹುಟ್ಟುವ ಅರ್ಧ ಶತಮಾನ ಮೊದಲು ಸತ್ತವರ ಬಗ್ಗೆ ಚಾಡಿ ಹೇಳಿಕೊಂಡು ನಗುತ್ತಿದ್ದರು. ಒಮ್ಮೊಮ್ಮೆ ಹರುಯೊಗೆ ನೆನಪಿಲ್ಲದ್ದನ್ನು ಯಾನ್‌ರುವೇ ನೆನಪಿಸುತ್ತಿದ್ದಳು. ಯಾರ ಕೋಳಿ ಯಾರ ಬಾವಿಗೆ ಬಿತ್ತು, ಯಾರ ಮದುವೆಯಲ್ಲಿ ಯಾರು ಅತ್ತರು. ತನಗೆ ಅದು ಹೇಗೆ ಗೊತ್ತು ಎಂದು ತನ್ನನ್ನೇ ಕೇಳಿಕೊಳ್ಳುವುದನ್ನು ಅವಳು ಮೆಲ್ಲಗೆ ಬಿಟ್ಟಳು. ಮೊದಲ ವರ್ಷ ಬಸ್ಸು ಇಳಿಯುವಾಗ ಕೈ ತಣ್ಣಗಾಗುತ್ತಿತ್ತು. ಎರಡನೆಯ ವರ್ಷ ಆಗಲಿಲ್ಲ.

ನಾಲ್ಕು ವರ್ಷದ ಮೇಲೆ ಹರುಯೊ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಲೇ ಕುಸಿದು ತೀರಿಕೊಂಡಳು. ನೆಗಾರಾದ ವಿದ್ಯುತ್ ತಂತಿಯನ್ನು ಆ ವರ್ಷವೇ ಕಡಿದರು.

ಕಳೆದ ವಸಂತದಲ್ಲಿ ಟೋಕಿಯೊ ಕಡೆಯಿಂದ ಒಬ್ಬ ಸಂಶೋಧಕ ಯಾನ್‌ರುವಿನ ಮನೆ ಹುಡುಕಿಕೊಂಡು ಬಂದ. ಅಳಿಯುತ್ತಿರುವ ಆಡುಮಾತುಗಳ ಪಟ್ಟಿ ಮಾಡುವವನು. ಕಾಜಿತಾನಿ ಸೆನ್ಸೆಯಿ ಕಳಿಸಿದ್ದರು. ಯುವಕ, ಬಹಳ ಮರ್ಯಾದಸ್ಥ. ಒಂದು ನಮೂನೆ ಮುಂದಿಟ್ಟ. ಮಾತು ಕೊಡುವವರ ಹೆಸರು, ಹುಟ್ಟಿದ ಊರು, ಹುಟ್ಟಿದ ವರ್ಷ, ಈ ಮಾತನ್ನು ಯಾರಿಂದ ಕಲಿತಿರಿ.

ಅವಳು ‘ಬಿ ಯಾನ್‌ರು’ ಎಂದು ಬರೆದಳು. ‘ವೆನ್‌ಡೆಂಗ್, ಶಾನ್‌ಡೊಂಗ್’ ಎಂದು ಬರೆದಳು. ವರ್ಷ ಬರೆದಳು. ಕೊನೆಯ ಸಾಲಿನ ಮುಂದೆ ಪೆನ್ನು ಹಿಡಿದು ಕೂತಳು.

“ಅದನ್ನ ಖಾಲಿ ಬಿಟ್ಟರೂ ಪರವಾಗಿಲ್ಲ,” ಎಂದ ಆತ, ಅವಳ ಮುಖ ನೋಡಿ.

“ಇಲ್ಲ, ಗೊತ್ತಿದೆ,” ಎಂದು ಅವಳು ಎರಡು ಹೆಸರು ಬರೆದಳು. ಮಿತ್ಸುಯೆ. ಅದರ ಕೆಳಗೆ ಸದಾ.

ಆತ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟ. “ಇವರು ಈಗ ಎಲ್ಲಿದ್ದಾರೆ? ಇವರನ್ನೂ ಮಾತಾಡಿಸಬಹುದಾ?”

ಯಾನ್‌ರು ಚಹಾ ಬಗ್ಗಿಸಿದಳು. “ಮಾತಾಡಿಸಿ,” ಎಂದಳು, ಮತ್ತು ಅವನು ರೆಕಾರ್ಡರಿನ ಗುಂಡಿ ಒತ್ತುವುದನ್ನೇ ಕಾಯುತ್ತಾ ಕೂತಳು.